ಇಂಜಿನ್ನಿನ ಹತ್ತಿರ ಕೆಂಡ ಕೇಳಲು ಹೋದ ನಮ್ಮವ್ವ

ವೈದ್ಯನಾಥೇಶ್ವರನನ್ನು ನಂಬಿದ ಎಲ್ಲರಿಗೂ ಕೊಪ್ಪದ ಆಲೆಮನೆಯವನ ಶರಣು. ಕಂಡರಿಯದ ದೇಶದ ರೈಲು ಸ್ಟೇಷನ್ನಿನಲ್ಲಿ ಹೆತ್ತವ್ವನನ್ನು ಕಳೆದುಕೊಂಡವನು ನಾನು. ಕಳೆದದ್ದು ನನ್ನ ಕೊಬ್ಬಿನಿಂದ, ಸಿಕ್ಕಿದ್ದು ಸ್ವಾಮಿಯ ದಯದಿಂದ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಬೆಲ್ಲದ ಕೊಪ್ಪರಿಗೆ ಮುಂದೆ ನಿಂತವನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಅಪ್ಪ ತೀರಿಕೊಂಡ ಮೇಲೆ ಅವ್ವ ಕಾಶಿ ನೋಡಲೇಬೇಕೆಂದು ಹಟ ಹಿಡಿದಳು. ಯುಗಾದಿ ಕಳೆದು, ಆಲೆ ನಿಲ್ಲಿಸಿ ಹೊರಟೆವು.

"ನಾನು ನೆನ್ನೆ ವೈದ್ಯನಾಥಪುರಕ್ಕೋಗಿ ಸ್ವಾಮಿಗೆ ಏಳ್ಬುಟ್ಟು ಬಂದೆ. ನೀನೂ ಓಗಿ ಕೈ ಮುಗ್ದು ಬಾ ಕಣ್ಲಾ" ಎಂದಳು ಹೊರಡುವ ದಿನ.

"ಕಾಸೀಲಿರೋನೂ ಅದೇ ಸಿವ. ಎಲ್ಡೆಲ್ಡು ಕಡೆ ಯಾಕವ್ವ ಏಳದು? ರೈಲು ನಿನ್ನ ಕಾಯ್ಕೊಂಡು ನಿಂತಿರಕಿಲ್ಲ" ಎಂದು ಗದರಿದೆ.

ಅವಳು ಗುಡಿಯ ಮುಂದಿನ ಮಣ್ಣನ್ನು ಒಂದು ಹಿಡಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಪರ ಊರ ನೀರಿಗೆ ಊರ ಮಣ್ಣು ಚಿಟಿಕೆ ಹಾಕಿ, ತಿಳಿಯಾದ ಮೇಲೆ ಕುಡಿದರೆ ಮೈಗೆ ಒಗ್ಗುತ್ತದೆ ಎನ್ನುವುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಜೊತೆಗೆ ರಾಗಿ ಹಿಟ್ಟು, ಮಡಕೆ, ಮುದ್ದೆ ಕೋಲು, ಸಾಲದ್ದಕ್ಕೆ ಬೆರಣಿ! ಬೆರಣಿ ಯಾಕವ್ವ ಅಂದರೆ, "ಆ ದೇಸದಲ್ಲಿ ದನ ಅವೋ ಇಲ್ವೋ" ಅಂದಳು. ಹೊಳೆ ಕಂಡರೆ "ನಮ್ಮ ಸಿಂಸಾ ಮುಂದೆ ಇದೇನು ಬುಡು." ಗದ್ದೆ ಕಂಡರೆ "ಬದ ನೋಡ್ಲಾ, ಕುಡುಕ ಕಟ್ಟಿದಂಗದೆ." ಎರಡು ದಿನ ಇದೇ ಪುರಾಣ ಕೇಳಿ ತಲೆ ಕೆಟ್ಟುಹೋಯಿತು.

ಪೂನಾ ದಾಟಿ ಒಂದು ದೊಡ್ಡ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಇಳಿದೆವು. ಮುಂದಿನ ರೈಲು ಸಂಜೆಗೆ. ಅವ್ವ ಸ್ಟೇಷನ್ನಿನ ಬೇಲಿ ಪಕ್ಕ ಮೂರು ಕಲ್ಲು ಹೂಡಿದಳು.

"ಜನ ನೋಡ್ತಾವ್ರೆ, ಮಾನ ಕಳೀಬೇಡ. ಪೂರಿ ತತ್ತೀನಿ, ತಿಂದು ಸುಮ್ಕಿರು."

"ಆ ಎಣ್ಣೆ ಅಪ್ಪಳ ನೀನೇ ತಿನ್ನು. ಬೆಂಕಿ ಪೊಟ್ಟಣ ಎಲ್ಲಿ?"

ಪೊಟ್ಟಣ ನನ್ನ ಜೇಬಿನಲ್ಲೇ ಇತ್ತು. ಕೊಡಲಿಲ್ಲ. ಎದ್ದು ಹೋದೆ.

ಬಂದು ನೋಡಿದರೆ ಮೂರು ಕಲ್ಲು ಇವೆ. ಗಂಟೂ ಇಲ್ಲ, ಅವ್ವನೂ ಇಲ್ಲ. ಪ್ಲಾಟ್‌ಫಾರಂ ಪೂರ್ತಿ "ಅವ್ವಾ" ಎಂದು ಕೂಗಿದೆ. ಭಾಷೆ ಬಾರದೆ, ಇಷ್ಟೆತ್ತರ ಎಂದು ಕೈಯಲ್ಲಿ ತೋರಿಸಿದರೆ, ಯಾರದೋ ಅಳುವ ಮಗುವನ್ನು ತಂದು ನನ್ನ ಮುಂದೆ ನಿಲ್ಲಿಸಿದರು! ಹೊತ್ತು ನೆತ್ತಿ ದಾಟಿತು. ಆ ದೇಶದ ಅಕ್ಷರದ ಬೋರ್ಡು ಓದಲು ಬಾರದ ನನಗೆ ಆ ಊರಿನ ಹೆಸರೂ ಗೊತ್ತಿಲ್ಲ. ಅವ್ವನನ್ನು ಎಲ್ಲಿ ಬಿಟ್ಟೆ ಎಂದು ನಾಳೆ ತಂಗಿ ಕೇಳಿದರೆ ಏನು ಹೇಳಲಿ?

ಆ ಕಲ್ಲುಗಳ ಮುಂದೆ ಬಂದು ಕೂತೆ. "ವೈದ್ಯನಾಥ, ನಿನಗೆ ಹೇಳದೆ ಬಂದೆ. ನನಗೆ ಕಾಶಿ ಕಾಣದಿದ್ದರೂ ಸರಿ, ಅವ್ವನ್ನ ತೋರಿಸು" ಎಂದು ಅತ್ತೆ.

ಕಣ್ಣೊರೆಸುವಷ್ಟರಲ್ಲಿ ಗಾಳಿ ತಿರುಗಿತು. ಇಂಜಿನ್ನುಗಳ ಕಲ್ಲಿದ್ದಲ ಹೊಗೆಯೊಳಗಿಂದ ರಾಗಿ ಬೇಯುವ ವಾಸನೆ! ಮೂಗು ಎಳೆದತ್ತ ಓಡಿದೆ. ಹಳಿಯಾಚೆ, ಇಂಜಿನ್ ಶೆಡ್ಡಿನ ಹಿಂದಿನಿಂದ ಅವ್ವನ ದನಿ:

"ಇಂಗೇನ್ಲಾ ತೊಳಸದು? ಗಂಟಾಯ್ತದೆ! ಕೊಡಿಲ್ಲಿ ಕೋಲ."

ಮೈಯೆಲ್ಲ ಮಸಿಯಾದ ಒಬ್ಬ ಮಡಕೆ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

ಊರಲ್ಲಿ ಒಲೆ ಹತ್ತಿಸಲು ಬೆರಣಿ ಹಿಡಿದು ಪಕ್ಕದ ಮನೆಗೆ ಹೋಗಿ ಕೆಂಡ ತರುತ್ತೇವಲ್ಲ, ಹಾಗೇ ನಮ್ಮವ್ವ ಹೊಗೆ ಕಂಡ ಕಡೆ ನಡೆದು, ಇಂಜಿನ್ನಿನ ಮುಂದೆ ನಿಂತು, "ಒಂದು ಕೆಂಡ ಕೊಡಪ್ಪ" ಎಂದಿದ್ದಳು! ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಆ ಆಳು ನಮ್ಮ ಸೀಮೆಯ ಮಳವಳ್ಳಿಯವನು. ಊರು ಬಿಟ್ಟು ಆರು ವರ್ಷ. ಆ ಮಾತು ಕಿವಿಗೆ ಬಿದ್ದದ್ದೇ ಮೇಲಿನಿಂದ ಧುಮುಕಿದನಂತೆ.

"ಎಲ್ಲಿಗೋಗಿದ್ಯವ್ವ? ನನ್ನ ಜೀವ ಓಗಿತ್ತು!" ಎಂದು ಕೂಗಾಡಿದೆ.

"ನಾನೆಲ್ಲಿಗೋಗಿದ್ದೆ? ಎದ್ದೋದೋನು ನೀನು. ಕೂತ್ಕೊ, ಇಟ್ಟು ಆರೋಯ್ತದೆ."

ಮುದ್ದೆಗೆ ಬರೀ ಉಪ್ಪು, ಮೆಣಸಿನಕಾಯಿ. ಅಂಥ ಊಟ ನಾನು ಮದುವೆ ಮನೆಯಲ್ಲೂ ಉಂಡಿಲ್ಲ. ಮಳವಳ್ಳಿಯವನು ಎರಡು ಮುದ್ದೆ ನುಂಗಿದ. ಅವ್ವ ಸೆರಗಿನ ಗಂಟು ಬಿಚ್ಚಿ ಅರ್ಧ ಮಣ್ಣನ್ನು ಅವನ ಅಂಗೈಗೆ ಸುರಿದು, "ನೀರ್ಗಾಕ್ಕೊಂಡು ಕುಡಿ ಮಗ" ಎಂದಳು. ಅವನು ಕಣ್ಣಿಗೊತ್ತಿಕೊಂಡು, "ಕುಡಿಯಕಿಲ್ಲ ಕಣವ್ವ, ಮಡಿಕ್ಕತೀನಿ" ಎಂದ. ಸಂಜೆ ಅವನೇ ಸರಿಯಾದ ರೈಲು ಹತ್ತಿಸಿದ.

ಕಾಶಿ ಕಂಡು, ಗಂಗೆಯಲ್ಲಿ ಮಿಂದು ಬಂದೆವು. ಮದ್ದೂರಿನಲ್ಲಿ ಇಳಿದವನು ಮನೆಗೆ ಹೋಗದೆ ನೇರ ವೈದ್ಯನಾಥಪುರಕ್ಕೆ ನಡೆದೆ. ಶಿಂಷಾ ಹೊಳೆಯಲ್ಲಿ ಮುಳುಗಿ, ಬೊಗಸೆ ತುಂಬ ನೀರು ಕುಡಿದೆ. ಅದಕ್ಕೆ ಏನೂ ಹಾಕಬೇಕಾಗಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಸ್ವಾಮಿಯ ಮುಂದೆ ಅಡ್ಡಬಿದ್ದೆ.

ಈಗ ಮಂಡ್ಯಕ್ಕೆ ಹೊರಟರೂ ಅವನಿಗೆ ಹೇಳದೆ ಹೊಸಲು ದಾಟುವುದಿಲ್ಲ. ಅವ್ವ ಆಗಲೇ ರಾಮೇಶ್ವರ ಯಾವಾಗ ಎಂದು ಪ್ರಾಣ ತಿನ್ನುತ್ತಿದ್ದಾಳೆ. ಸ್ವಾಮಿ ನಡೆಸಿದಂತೆ ಆಗಲಿ. ಬೆಂಕಿ ಪೊಟ್ಟಣ ಮಾತ್ರ ಈ ಸಲ ಅವಳ ಕೈಗೇ ಕೊಟ್ಟುಬಿಟ್ಟಿದ್ದೇನೆ.