ಡಬ್ಬಿ ಖಾಲಿ ಕಳಿಸುವ ಹಾಗಿಲ್ಲ

ಬಕ್ರೀದ್ ಕಳೆದಂದಿನಿಂದ ಒಂದು ಸ್ಟೀಲ್ ಡಬ್ಬಿ ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಕಪಾಟಿನ ಒಳಗಿಟ್ಟೆ, ಹೊರಗಿಟ್ಟೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಆ ಡಬ್ಬಿಗೆ ಎರಡು ಮನೆ. ಕ್ರಿಸ್ಮಸ್ಸಿಗೆ ಕಾವೂರಿನ ನಮ್ಮ ಮನೆಯಿಂದ ಕರ್ಜಿಕಾಯಿಯಂಥ ನೆವ್ರಿ, ಚಕ್ಕುಲಿ, ಸಕ್ಕರೆ ಪಾಕದ ಕಿಡಿಯೊ ತುಂಬಿಕೊಂಡು ಕಾಟಿಪಳ್ಳಕ್ಕೆ, ಮಗಳ ಗೆಳತಿಯ ಮನೆಗೆ ಹೋಗುತ್ತದೆ. ಅವರ ಹಬ್ಬಕ್ಕೆ ಬಿರಿಯಾನಿ ತುಂಬಿಕೊಂಡು ವಾಪಸ್ ಬರುತ್ತದೆ. ಖಾಲಿ ಕಳಿಸುವ ಕ್ರಮ ಎರಡು ಮನೆಯಲ್ಲೂ ಇಲ್ಲ.

ಹುಡುಗಿಯರಿಬ್ಬರೂ ಬಿ.ಎಡ್. ಒಟ್ಟಿಗೆ ಮಾಡಿದವರು. ಈ ಬೇಸಿಗೆ ರಜೆಗೆ ಮುಂಚೆ ಒಂದೇ ಶಾಲೆಗೆ, ಅಲ್ಲಿ ಖಾಲಿಯಿದ್ದ ಒಂದೇ ಗಣಿತ ಟೀಚರ್ ಕೆಲಸಕ್ಕೆ, ಇಂಟರ್‌ವ್ಯೂಗೆ ಹೋದರು. ಮಕ್ಕಳ ಎದುರು ಪಾಠವನ್ನೂ ಮಾಡಿ ತೋರಿಸಬೇಕಿತ್ತು. ಮಗಳು ಮನೆಗೆ ಬಂದವಳೇ ಚಪ್ಪಲಿ ಕಳಚುತ್ತ ಹೇಳಿದಳು, "ಅವಳ ಪಾಠ ನೋಡ್ಬೇಕಿತ್ತು ಮಮ್ಮಿ. ಬೆಲ್ ಆದ್ರೂ ಮಕ್ಕಳು ಏಳ್ಲಿಲ್ಲ. ನಾನು ಬರೇ ಬೋರ್ಡಿಗೆ ಪಾಠ ಮಾಡಿ ಬಂದೆ."

ನನ್ನ ಗಂಡ ಎದ್ದು ಫೋನ್ ಹಿಡಿದು ವರಾಂಡಕ್ಕೆ ಹೋದರು. ಕುವೈಟಿನಲ್ಲಿ ಇವರ ಜೊತೆ ಒಂದೇ ರೂಮಿನಲ್ಲಿದ್ದ, ಒಂದೇ ಪಾತ್ರೆಯ ಗಂಜಿ ಉಂಡ ಗೆಳೆಯರೊಬ್ಬರು ಈಗ ಆ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಾರೆ. "ನಮ್ಮ ಹುಡುಗಿಯೂ ಬಂದಿದ್ಳು ಮಾರಾಯ, ಸ್ವಲ್ಪ ನೋಡು," ಎಂದದ್ದು ಒಳಗಿದ್ದ ನಮ್ಮಿಬ್ಬರಿಗೂ ಕೇಳಿಸಿತು.

"ಇದು ಸರಿಯಾ?" ಎಂದೆ.

"ಎಂತ ಸರಿ ಇಲ್ಲ ಮಾರಾಯ್ತಿ? ನಾನು ಲಂಚ ಕೊಟ್ಟೆನಾ? ಒಂದು ಮಾತು ಹೇಳಿದೆ. ಮಗಳಿಗೆ ಅಪ್ಪ ಹೇಳದೆ ಊರವರು ಹೇಳ್ತಾರಾ?"

ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆ ಹೆಗ್ಗಣಕ್ಕೆ ಕೆಲಸವನ್ನೂ ಕೊಡಿಸಿ ಎಂದು ಗಾದೆ ಹೇಳುವುದಿಲ್ಲವಲ್ಲ. ನಾನೂ ಟೀಚರಾಗಿದ್ದು ರಿಟೈರ್ ಆದವಳು. ಅರ್ಧ ಮಾರ್ಕಿಗೆ ದಮ್ಮಯ್ಯ ಹಾಕಿಕೊಂಡು ಬಂದ ಅಪ್ಪಂದಿರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದವಳು. ಆದರೂ ಕೆಲಸ ಮಗಳಿಗೇ ಆಯಿತೆಂದು ತಿಳಿದಾಗ ನನಗೆ ಸಂತೋಷವಾಯಿತು. ಆ ಸಂತೋಷದ ಮೇಲೆಯೇ ನನಗೆ ಸಿಟ್ಟು. ಮಗಳು ಗೆಳತಿಗೆ ಫೋನ್ ಮಾಡುವುದನ್ನೇ ಬಿಟ್ಟಳು.

ಈ ಸಲ ಡಬ್ಬಿ ಬರಲಿಕ್ಕಿಲ್ಲ, ಬಂದರೂ ಖಾಲಿ ಬಂದೀತು ಅಂದುಕೊಂಡಿದ್ದೆ. ನಿಜ ಹೇಳುವುದಾದರೆ ಖಾಲಿಯೇ ಬರಲಿ ಎಂದು ಆಸೆಪಟ್ಟಿದ್ದೆ. ಒಂದು ಪೆಟ್ಟು ತಿಂದರೆ ಲೆಕ್ಕ ಮುಗಿಯುತ್ತದಲ್ಲ. ಆದರೆ ಹಬ್ಬದ ದಿನ ಗೆಳತಿಯ ತಾಯಿಯೇ ಬಿಸಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹಿಡಿದು ಬಂದರು.

"ಇಬ್ಬರಲ್ಲಿ ಒಬ್ಬಳಿಗಾದ್ರೂ ಸಿಕ್ಕಿತಲ್ಲ ಟೀಚರ್, ಒಳ್ಳೆದಾಯ್ತು," ಎಂದರು. ಆಮೇಲೆ ನನ್ನ ಹಿಂದೆಯೇ ಅಡಿಗೆಮನೆಗೆ ಬಂದು ಸ್ವರ ಇಳಿಸಿದರು. "ಇನ್ನೊಂದು ಜಾಗ ಖಾಲಿಯಾದ್ರೆ ನಿಮ್ಮ ಯಜಮಾನ್ರಿಗೆ ಒಂದು ಮಾತು ಹೇಳ್ಲಿಕ್ಕೆ ಹೇಳ್ತೀರಾ? ನಮಗೆ ಅಲ್ಲಿ ಹೇಳುವವರು ಯಾರೂ ಇಲ್ಲ."

ಅವರಿಗೆ ಎಲ್ಲ ಗೊತ್ತಿತ್ತು. ಬೈಯಲು ಬಂದವರಲ್ಲ, ನಾವು ಮಾಡಿದ್ದನ್ನೇ ತಮಗೂ ಮಾಡಿಕೊಡಿ ಎಂದು ಕೇಳಲು ಬಂದವರು. "ಆಯ್ತು," ಎಂದೆ.

"ನನ್ನ ಮಗಳಿಗೆ ಮಾತ್ರ ಗೊತ್ತಾಗೋದು ಬೇಡ," ಎಂದರು. "ತನ್ನ ಪಾಠವೇ ಸರಿಯಾಗ್ಲಿಲ್ಲ ಅಂತ ಅವಳು ತಿಳ್ಕೊಂಡದ್ದು. ದಿನಾ ಕನ್ನಡಿ ಎದುರು ನಿಂತು ಅದೇ ಪಾಠ ಮಾಡ್ತಾಳೆ ಟೀಚರ್."

ಆ ಬಿರಿಯಾನಿಯನ್ನು ನನ್ನ ಗಂಡ ಮೆಚ್ಚಿ ಉಂಡರು. ನನ್ನ ಪಾಲನ್ನೂ ಅವರ ತಟ್ಟೆಗೇ ಬಡಿಸಿದೆ.

ನಿನ್ನೆ ನೆವ್ರಿ ಕರಿದೆ. ಜೂನ್ ತಿಂಗಳಲ್ಲಿ ನೆವ್ರಿ! ಡಬ್ಬಿ ತುಂಬಿಸಿ ಮಗಳ ಎದುರು ಇಟ್ಟೆ. "ನೀನೇ ಕೊಟ್ಟು ಬಾ. ಅವಳ ಪಾಠ ನಿನ್ನದಕ್ಕಿಂತ ಚೆನ್ನಾಗಿತ್ತು ಅಂತ ಹೇಳಿ ಬಾ."

ಮಗಳು ತಿದ್ದುತ್ತಿದ್ದ ಪೇಪರುಗಳಿಂದ ತಲೆ ಎತ್ತಲಿಲ್ಲ. "ಮತ್ತೆ ಕೆಲಸ ನಿನಗೆ ಹೇಗೆ ಸಿಕ್ಕಿತು ಅಂತ ಅವಳು ಕೇಳಿದ್ರೆ ಎಂತ ಹೇಳ್ಲಿ ಮಮ್ಮಿ?"

ನೆವ್ರಿ ಇನ್ನೂ ಡಬ್ಬಿಯಲ್ಲೇ ಉಂಟು. ಈ ಮಳೆಯ ತೇವಕ್ಕೆ ನಾಳೆಯೊಳಗೆ ಮೆತ್ತಗಾಗುತ್ತದೆ.