ಅಕ್ಕನ ಕತೆಯೂ ಪಾಸ್‌ವರ್ಡ್ ಚೌಕವೂ

ಈಮೇಲ್ ತೆರೆದೊಡನೆ ಪಾಸ್‌ವರ್ಡ್ ಕೇಳುವ ಆ ಪುಟ್ಟ ಚೌಕವನ್ನು ನೀವೂ ನೋಡಿರುತ್ತೀರಿ. ಒಮ್ಮೆ ಕೇಳಿದರೆ ಅದು ಕರ್ತವ್ಯ, ಮತ್ತೊಮ್ಮೆ ಕೇಳಿದರೆ ಅನುಮಾನ. ಕಾಪುವಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮೊನ್ನೆ ಬೆಳಗಿನಿಂದ ಅದು ಕೇಳುತ್ತಲೇ ಇತ್ತು. ನಾನು ಟೈಪಿಸುವುದು, ಅದು ಕ್ಷಣಕಾಲ ಧ್ಯಾನಸ್ಥವಾಗುವುದು, ಆಮೇಲೆ ಏನೂ ನಡೆದೇ ಇಲ್ಲವೆಂಬಷ್ಟು ಸೌಜನ್ಯದಿಂದ ಮತ್ತೆ ಮೇಲೆದ್ದು ಬರುವುದು.

ಬೇರೆ ದಿನವಾಗಿದ್ದರೆ ಕಂಪ್ಯೂಟರ್ ಮುಚ್ಚಿ ಸಮುದ್ರದ ಕಡೆಗೆ ನಡೆದುಬಿಡುತ್ತಿದ್ದೆ. ಆದರೆ ಅಂದು ನನ್ನ ಅಕ್ಕನ ಮೊದಲ ಕತೆ ಆ ಚೌಕದ ಹಿಂದೆ ಸಿಕ್ಕಿಬಿದ್ದಿತ್ತು. ಕಾರ್ಕಳದ ಆಚೆ ಅಜೆಕಾರಿನಲ್ಲಿರುವ ಅಕ್ಕ ಅರುವತ್ತು ದಾಟಿದ ಮೇಲೆ ಬರೆದ ಕತೆ ಅದು; ಕಳುಹಿಸಿದ್ದು ನನ್ನ ಈಮೇಲಿನಿಂದ. ಪತ್ರಿಕೆಯವರು ಆಕೆಗೆ ಫೋನ್ ಮಾಡಿ, ಕತೆ ಸ್ವಂತದ್ದೆಂಬ ಒಪ್ಪಿಗೆಯನ್ನು ಅದೇ ಈಮೇಲಿನಿಂದ ಸಂಜೆಯೊಳಗೆ ಕಳುಹಿಸಬೇಕು, ಇಲ್ಲವಾದರೆ ಆ ಪುಟಕ್ಕೆ ಬೇರೆ ಕತೆ ಹಾಕುತ್ತೇವೆ ಎಂದಿದ್ದರು.

“ಎಂತದಾ, ಹೋಯಿತಾ?” ಎಂದು ಅಕ್ಕನ ಫೋನು.

“ಪಾಸ್‌ವರ್ಡ್ ಕೇಳ್ತಾ ಉಂಟು ಅಕ್ಕ.”

“ಕೊಡು ಮತ್ತೆ! ಕೇಳಿದ್ದನ್ನು ಕೊಡುವ ಅಭ್ಯಾಸ ನಿನಗೆ ಸಣ್ಣದರಿಂದಲೂ ಇಲ್ಲ. ಮದಿಮಾಳಿಗೆ ಹೇಳು, ಅವಳು ಮಾಡಿಯಾಳು.”

ಮದಿಮಾಳೆಂದರೆ ತುಳುವಿನಲ್ಲಿ ಮದುವಣಗಿತ್ತಿ. ಶಂಕರಪುರದಿಂದ ಜಡೆ ತುಂಬ ಮಲ್ಲಿಗೆ ಮುಡಿದು ಬಂದ ನನ್ನ ಹೆಂಡತಿ ವಿಮಲಳ ತಲೆ ಈಗ ಹೂವಿಲ್ಲದೆಯೇ ಮಲ್ಲಿಗೆಯ ಬಣ್ಣಕ್ಕೆ ತಿರುಗಿದೆ. ಅಕ್ಕನ ಬಾಯಲ್ಲಿ ಮಾತ್ರ ಅವಳಿನ್ನೂ ಮದಿಮಾಳು.

ನನ್ನ ಕಷ್ಟ ಬೇರೆ. ನನ್ನ ನೆನಪನ್ನು ನಾನು ಎಂದೂ ನಂಬಿದವನಲ್ಲ. ದಿನಚರಿ ಬರೆಯುವುದೇ ಅದಕ್ಕೆ. ದಿನಚರಿ ತೆರೆದರೆ ಹೋದ ವಾರದ ಪುಟದಲ್ಲಿ “ಇಂದು ಪಾಸ್‌ವರ್ಡ್ ಬದಲಿಸಿದೆ, ಮನಸ್ಸು ಹಗುರವಾಯಿತು” ಎಂದಿತ್ತು. ಮನಸ್ಸಿನ ಸ್ಥಿತಿಯನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದವನು ಪಾಸ್‌ವರ್ಡಿನ ಒಂದು ಅಕ್ಷರವನ್ನೂ ಬರೆದಿರಲಿಲ್ಲ! ನೆನಪಿದ್ದದ್ದನ್ನೇ ದೊಡ್ಡ ಅಕ್ಷರದಲ್ಲಿ, ಸಣ್ಣ ಅಕ್ಷರದಲ್ಲಿ, ಕೊನೆಗೆ ಕಣ್ಣುಮುಚ್ಚಿ ಭಕ್ತಿಯಿಂದಲೂ ಟೈಪಿಸಿದೆ. ಮಣಿಪಾಲದಲ್ಲಿ ಪಡೆದ ಸ್ನಾತಕೋತ್ತರ ಪದವಿ ಗೋಡೆಯ ಚೌಕಟ್ಟಿನಿಂದ ನನ್ನನ್ನು ಕರುಣೆಯಿಂದ ನೋಡುತ್ತಿತ್ತು. ಕಂಪ್ಯೂಟರನ್ನು ರಿಪೇರಿಗೆಂದು ಎತ್ತಿಕೊಂಡು ಉಡುಪಿಯ ಬಸ್ಸು ಹತ್ತುವುದೆಂದು ಚಪ್ಪಲಿಯನ್ನೂ ಮೆಟ್ಟಿದೆ.

“ಬದಲಿಸಿದ್ದು ಜೆರೋಮಣ್ಣನ ಮನೆಯಲ್ಲಿ ಅಲ್ವಾ? ಅವರನ್ನೇ ಕೇಳಿ,” ಎಂದಳು ವಿಮಲ.

ಗಲ್ಫಿನಲ್ಲಿ ದುಡಿದು ಸಂತೆಕಟ್ಟೆಗೆ ಮರಳಿದ ಜೆರೋಮ ನನ್ನ ಕಾಲೇಜಿನ ಗೆಳೆಯ. ಫೋನಿನಲ್ಲೇ ಹೇಳಿದ: “ಮೊದಲು ನಿನ್ನ ತಲೆ ಸರಿ ಉಂಟಾ ನೋಡುವ ಮಾರಾಯ. ಕಂಪ್ಯೂಟರಿನ ಆ ಮೇಲ್ ಪ್ರೋಗ್ರಾಂ ಬಿಟ್ಟು ಬ್ರೌಸರಿನಲ್ಲಿ ಈಮೇಲ್ ತೆರೆದು ಅದೇ ಪಾಸ್‌ವರ್ಡ್ ಹಾಕು.”

ಹಾಕಿದೆ. ತೆರೆಯಿತು!

ನನ್ನ ನೆನಪು ನಿರಪರಾಧಿ! ಚಪ್ಪಲಿ ಮೆಟ್ಟಿಕೊಂಡೇ ಚಾವಡಿಯಲ್ಲಿ ಕುಣಿದೆ. ಫೋನಿನೊಳಗಿಂದ ಜೆರೋಮನೂ ಶಿಳ್ಳೆ ಹಾಕಿದ. “ಕುಣಿದದ್ದು ಸಾಕು, ಮೊದಲು ಅತ್ತಿಗೆಯ ಒಪ್ಪಿಗೆ ಕಳಿಸಿ!” ಎಂದು ವಿಮಲ ಕೂಗಿದ ಮೇಲೆಯೇ ಕುಣಿತ ಯಾತಕ್ಕೆಂಬುದು ನೆನಪಾದದ್ದು. ಕಳುಹಿಸಿದೆ.

“ಈಗ ರೋಗದ ಮೂಲ ಕೇಳು,” ಎಂದ ಜೆರೋಮ. “ನೀನು ಹೊಸದು ಕೊಟ್ಟರೂ ಆ ಪ್ರೋಗ್ರಾಂ ತಾನು ಉಳಿಸಿಟ್ಟ ಹಳೆಯದನ್ನೇ ಕಳಿಸ್ತಾ ಉಂಟು. ಅದನ್ನು ಅಳಿಸು.” ಸೆಟ್ಟಿಂಗ್ಸಿನಲ್ಲಿ ಹುಡುಕಿ ಅಳಿಸಿ, ಹೊಸದನ್ನು ಕೊಟ್ಟೆ. ಚೌಕ ಮಾಯವಾಯಿತು.

ಇಷ್ಟು ದಿನ ಮರೆವಿಗೆ ಹೆದರುತ್ತಿದ್ದ ನನಗೆ, ನೆನಪೂ ಹೀಗೆ ಹಟಮಾರಿಯಾಗಿ ಬಾಗಿಲು ಹಾಕಿಕೊಂಡು ಕೂರಬಹುದೆಂಬುದು ಹೊಸ ಸಂಗತಿ. ನನ್ನೊಳಗೂ ಅಳಿಸಬೇಕಾದ ಹಳೆಯವು ಎಷ್ಟಿವೆಯೋ ಎಂದು ಗಂಭೀರವಾಗಿ ಚಿಂತಿಸತೊಡಗಿದಾಗ ಫೋನು ಬಂತು. ವಿಮಲ ಎತ್ತಿಕೊಂಡಳು.

“ಯಾರು?”

“ನಾನು!” ಹೆಸರು ಹೇಳುವ ಪದ್ಧತಿ ಅಕ್ಕನಿಗಿಲ್ಲ. “ಮದಿಮಾಳೇ, ಪತ್ರಿಕೆಯವರಿಗೆ ಸಿಕ್ಕಿತಂತೆ! ಕತೆ ಬರ್ತದಂತೆ!”

ಅರುವತ್ತು ದಾಟಿದ ಆ ದನಿ ಚಿಕ್ಕ ಹುಡುಗಿಯದೆಂಬಂತೆ ಚಾವಡಿಯ ತುಂಬ ಕೇಳಿಸಿತು. “ಅತ್ತಿಗೇ!” ಎಂದ ವಿಮಲಳ ಕೈ ತಾನಾಗಿ ಜಡೆಗೆ ಹೋಯಿತು, ಅಲ್ಲಿ ಇನ್ನೂ ಹೂವಿರುವಂತೆ.

ಆ ಚೌಕ ಇನ್ನೊಂದು ದಿನ ಮತ್ತೆ ಬರಬಹುದು. ಬಂದರೆ ಅಳಿಸುವ ಉಪಾಯ ಈಗ ನನಗೆ ಗೊತ್ತು. ಅಕ್ಕ ಉಳಿಸಿಟ್ಟುಕೊಂಡಿರುವ ಹಳೆಯ ಹೆಸರೊಂದನ್ನು ಮಾತ್ರ ನಾವು ಯಾರೂ ಮುಟ್ಟುವುದಿಲ್ಲ. ಅದಕ್ಕೆ ನಮ್ಮ ಮನೆ ಈಗಲೂ ತೆರೆಯುತ್ತದೆ.