ಹರಳೆಣ್ಣೆ ಕುಡಿದ ಚರ್ಮದ ತುಂಡು

ಹರಳೆಣ್ಣೆಯಲ್ಲಿ ವಾರಗಟ್ಟಲೆ ನೆನೆದ ಚರ್ಮಕ್ಕೆ ಒಂದು ವಾಸನೆಯಿದೆ. ಹೊಸ ಚಪ್ಪಲಿಯ ವಾಸನೆಯಲ್ಲ, ಹಳೆಯ ಎಣ್ಣೆಯದೂ ಅಲ್ಲ. ಎರಡೂ ಬಹುಕಾಲ ಜಗಳವಾಡಿ ಕೊನೆಗೆ ಒಂದೇ ಮನೆಯಲ್ಲಿ ಉಳಿದಂಥ ವಾಸನೆ. ಕಳೆದ ತಿಂಗಳು ಮುಂಬಯಿಯ ವಿಲೆ ಪಾರ್ಲೆಯ ಬಿಲ್ಡಿಂಗೊಂದರ ನೆಲಮಾಳಿಗೆಯಲ್ಲಿ, ಎಪ್ಪತ್ತಾರರ ಈ ವಯಸ್ಸಿನಲ್ಲಿ, ಹಳೆಯ ಕಾರಿನ ಕೆಳಗೆ ರಟ್ಟು ಹಾಸಿ ಅಂಗಾತ ಮಲಗಿದ್ದಾಗ ಅದು ಮೂಗಿಗೆ ಬಡಿಯಿತು. ಅಂದಿನಿಂದ ನನಗೆ ಒಂದೆಡೆ ಕೂರಲಾಗುತ್ತಿಲ್ಲ. ಮಲಾಡಿನ ನಮ್ಮ ಮನೆಯ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆಯುತ್ತಲೇ ಇದ್ದೇನೆ. ಆ ವಾಸನೆ ಧಾರಾವಿಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ ಒಬ್ಬ ಮಿಸ್ತ್ರಿಯದು.

ನಾನು ಮೋಟಾರು ವಾಹನಗಳ ಸರ್ವೇಯರ್ ಆಗಿದ್ದೆ. ವಿಮೆಗಾಗಿ ವಾಹನವನ್ನು ಪರೀಕ್ಷಿಸಿ, ಬೆಲೆ ನಿಗದಿಪಡಿಸಿ, ವರದಿ ಬರೆಯುವುದು ನನ್ನ ಉದ್ಯೋಗ. ಬರೆದ ಪ್ರತಿಯೊಂದು ವರದಿಯ ನಕಲೂ ಇಂದಿಗೂ ನನ್ನ ಕಪಾಟಿನಲ್ಲಿ ಕ್ರಮವಾಗಿದೆ. ನನಗಾದ ಅವಮಾನಗಳೂ ಅಷ್ಟೇ ಕ್ರಮವಾಗಿ ನೆನಪಿನಲ್ಲಿವೆ. ಯಾರು, ಎಲ್ಲಿ, ಯಾರ ಎದುರಿಗೆ, ಯಾವ ಮಾತಿನಲ್ಲಿ... ಒಂದನ್ನೂ ನಾನು ಕಳೆದುಕೊಂಡಿಲ್ಲ. ಅದು ಗುಣವೆಂದೇ ಇಷ್ಟು ವರ್ಷ ತಿಳಿದಿದ್ದೆ.

ನಾನು ಕೆಳಗೆ ಮಲಗಿದ್ದ ಆ ಕಾರು ಜರ್ಮನಿಯದು. ಟಾಪು ಮಡಚಿ ಹಿಂದಕ್ಕೆ ಹಾಕಿದರೆ ಆಕಾಶಕ್ಕೆ ತೆರೆದುಕೊಳ್ಳುವ, ಕೆನೆ ಬಣ್ಣದ ಎರಡು ಬಾಗಿಲ ಕಾರು. ವಿದೇಶಿ ಅಧಿಕಾರಿಯೊಬ್ಬರು ಸ್ವದೇಶಕ್ಕೆ ಮರಳುವಾಗ ಬಿಟ್ಟುಹೋದದ್ದನ್ನು ನಮ್ಮ ಉಡುಪಿಯ ಕಡೆಯ ಹೋಟೆಲ್ ಮಾಲೀಕರೊಬ್ಬರು ಕೊಂಡಿದ್ದರು. ದಂತದ ಬಣ್ಣದ ತೆಳು ಸ್ಟಿಯರಿಂಗು, ಮುಂಭಾಗದ ಕ್ರೋಮಿನ ಮೇಲೆ ಬಿದ್ದ ಬೆಳಕು ಜಾರಿಹೋಗುವ ರೀತಿ, ಬಾಗಿಲು ಮುಚ್ಚಿದಾಗ ಗಟ್ಟಿ ಪುಸ್ತಕವನ್ನು ಮುಚ್ಚಿದಂಥ ಸದ್ದು. ಅಂಥ ಕಾರುಗಳನ್ನು ನೋಡಿದಾಗ ಬೆಲೆ ಹೇಳುವವನ ಗಾಂಭೀರ್ಯ ಕಾಯ್ದುಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು. ಆದರೆ ಅದರ ಮೂಲ ಎಂಜಿನ್ ಒಡೆದಿತ್ತು. ಬಿಡಿಭಾಗಗಳು ಆಗ ಇಲ್ಲಿ ಸಿಗುತ್ತಿರಲಿಲ್ಲ. ಮಾಲೀಕರು ಆ ಎಂಜಿನನ್ನು ಇಳಿಸಿ, ಟರ್ಪಾಲು ಹೊದಿಸಿ ಗ್ಯಾರೇಜಿನಲ್ಲಿಟ್ಟು, ಕಾರಿಗೆ ದೇಶೀ ಡೀಸೆಲ್ ಎಂಜಿನ್ ಹಾಕಿಸಿದ್ದರು. ಅಷ್ಟು ಚೆಂದದ ಮುಖದಿಂದ ತರಕಾರಿ ಟೆಂಪೊದ ಸದ್ದು ಹೊರಡುತ್ತಿತ್ತು.

ಕೆಲಸ ಮಾಡಿದವರು ಬಿಜಾಪುರದ ಕಡೆಯ ಆ ಮಿಸ್ತ್ರಿ. ಪರಿಶೀಲನೆಗೆಂದು ನಾನು ಅವರ ಕಾರ್ಖಾನೆಗೆ ಹೋಗಿ ಈಗ ಮೂವತ್ತೆರಡು ವರ್ಷ. ಚರ್ಮ ಹದ ಮಾಡುವವರ ಮತ್ತು ಹೊಲಿಯುವವರ ನಡುವೆ ಒಂದು ತಗಡಿನ ಮಾಡು. "ಮುಂಗೋಪಿ ಮಾರಾಯ್ರೆ, ಕೈ ಮಾತ್ರ ಚಿನ್ನ" ಎಂದು ಮಾಲೀಕರು ದಾರಿಯಲ್ಲೇ ಎಚ್ಚರಿಸಿದ್ದರು. ನಾವು ಹೋದಾಗ ಮಿಸ್ತ್ರಿ ಏಳಲಿಲ್ಲ. ಅವರ ಅರ್ಧ ದೇಹ ಇನ್ನೊಂದು ಗಾಡಿಯ ಕೆಳಗಿತ್ತು. ನನಗೆ ಕೂರಲು ಬೋರಲು ಹಾಕಿದ ಬ್ಯಾಟರಿ ಪೆಟ್ಟಿಗೆ. ಚಹಾ ಮೊದಲು ಮಾಲೀಕರಿಗೆ, ಆಮೇಲೆ ನನಗೆ. ನನ್ನ ಕಪ್ಪಿಗೆ ಹಿಡಿ ಇರಲಿಲ್ಲ.

ನಾನು ಪುಸ್ತಕ ತೆರೆದು, "ಚಾಸಿ ಎಷ್ಟು ಕತ್ತರಿಸಿದ್ದೀರಿ?" ಎಂದು ಕೇಳಿದೆ. ಕಾರಿನ ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟೇ ಚಾಸಿ. ಅಳತೆ ಬೇರೆಯಾದ ಎಂಜಿನನ್ನು ಕೂರಿಸಲು ಅದನ್ನು ಕತ್ತರಿಸಿ ವೆಲ್ಡಿಂಗ್ ಮಾಡುವುದು ಎಲ್ಲ ಕಡೆಯ ಪದ್ಧತಿ. ಒಮ್ಮೆ ಕತ್ತರಿಸಿದರೆ ಕಾರು ಮತ್ತೆಂದೂ ಮೊದಲಿನಂತಾಗದು, ಬೆಲೆ ನೆಲಕ್ಕಿಳಿಯುತ್ತದೆ.

ಅವರು ಗಾಡಿಯ ಕೆಳಗಿಂದ ಜಾರಿಕೊಂಡು ಹೊರಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಮಂದಿ ಕಬ್ಬಣಕ್ಕ ನಾ ಗರಗಸ ಹಚ್ಚಂಗಿಲ್ರೀ. ಮಾಡಿದಾವ ಯಾವ ದೇಶದಾಗ ಅದಾನೋ ಏನೋ, ಅವನ ಕೆಲಸ ನಾ ಯಾಕ ಕಡೀಲಿ?"

ನಾನು ನಂಬದೆ ನಕ್ಕಿರಬೇಕು. ಅವರು ಒಳಗಿನಿಂದ ಒಗೆದ ಹೂವಿನ ಚಾದರವೊಂದನ್ನು ತಂದು ಕೆನೆ ಬಣ್ಣದ ಕಾರಿನ ಕೆಳಗೆ ಹಾಸಿದರು. ಆಮೇಲೆ ನನ್ನ ಬಿಳಿಯ ಪ್ಯಾಂಟನ್ನು ನೋಡಿ, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿದರು: "ಬ್ಯಾಡ್ ಬಿಡ್ರಿ ಸಾಹೇಬ್ರ, ಇಸ್ತ್ರಿ ಮುರೀತೈತಿ. ಮ್ಯಾಲ ನಿಂತ ಬರ್ಕೊಳ್ರಿ. ದೊಡ್ಡ ಮಂದಿ ಎಲ್ಲಾ ಮ್ಯಾಲಿಂದನ ನೋಡ್ತಾರ."

ಚರ್ಮ ಹೊಲಿಯುವವರು ಸೂಜಿ ನಿಲ್ಲಿಸಿ ನಕ್ಕರು. ಮಾಲೀಕರೂ ಕೈ ಅಡ್ಡ ಹಿಡಿದು ನಕ್ಕರು. ನಾನು ಪುಸ್ತಕ ಮುಚ್ಚಿ ಎದ್ದುಬಂದೆ. ಕೆಳಗೆ ಇಳಿಯಲಿಲ್ಲ. ಬಾಗಿಯೂ ನೋಡಲಿಲ್ಲ.

ವರದಿಯಲ್ಲಿ ಬರೆದೆ: ಎಂಜಿನ್ ಮೂಲದ್ದಲ್ಲ, ಚಾಸಿಯನ್ನು ಕತ್ತರಿಸಿ ವೆಲ್ಡಿಂಗ್ ಮಾಡಲಾಗಿದೆ. ಅದಕ್ಕೆ ಮೊದಲು ಎಂಜಿನ್ ಬದಲಾದ ಹಲವು ಹಳೆಯ ಕಾರುಗಳನ್ನು ಕಂಡಿದ್ದೆ, ಎಲ್ಲವೂ ಕತ್ತರಿಸಿದ್ದವೇ. ಇದೂ ಹಾಗೆಯೇ ಇರಬೇಕೆಂದು ಬರೆದೆ. ಹಾಗಿರಲಿ ಎಂಬ ಆಸೆಯಿಂದಲೂ ಬರೆದೆನೆಂದು ಇವತ್ತು ಹೇಳಬೇಕು...

ಮಾಲೀಕರು ನನ್ನ ಕಾಗದವನ್ನು ನಂಬಿದರು. ಮುದ್ರೆಯಿದ್ದ ಕಾಗದ, ಯಾರಾದರೂ ನಂಬುತ್ತಿದ್ದರು. ಸುಳ್ಳು ಹೇಳಿ ಮೋಸ ಮಾಡಿದನೆಂದು ಮಿಸ್ತ್ರಿಯೊಡನೆ ಜಗಳವಾಡಿ ಕಾರನ್ನು ಒಯ್ದರು. ಸುದ್ದಿ ಹರಡಿ, ಹಳೆಯ ಕಾರುಗಳನ್ನು ಅವರ ಮಾಡಿನಲ್ಲಿ ಬಿಟ್ಟಿದ್ದ ಇನ್ನಿಬ್ಬರೂ ಒಯ್ದರು.

ಎರಡು ತಿಂಗಳ ನಂತರ ಮಿಸ್ತ್ರಿ ಫೋರ್ಟ್ ಪ್ರದೇಶದ ನಮ್ಮ ಕಚೇರಿಗೆ ಬಂದರು. ಬಂದವರು ತಮ್ಮ ಹೆಸರನ್ನೂ ಕೆಲಸವನ್ನೂ ಚೀಟಿಯಲ್ಲಿ ಬರೆದು ಒಳಗೆ ಕಳುಹಿಸುವುದು ಅಲ್ಲಿನ ಕ್ರಮ. ಗಾಜಿನ ಬಾಗಿಲಿನಾಚೆ ಅವರನ್ನು ಕಂಡೊಡನೆ ನಾನು ಚೀಟಿಯನ್ನು ಓದದೆ ಪೇಪರ್‌ವೇಟಿನ ಕೆಳಗಿಟ್ಟೆ. ಮಧ್ಯಾಹ್ನದ ಊಟ ಮುಗಿಯುವವರೆಗೂ ಬೆಂಚಿನ ಮೇಲೆ ಕೂರಿಸಿದೆ. ಹಿಡಿಯಿಲ್ಲದ ಕಪ್ಪಿಗೆ ಅದು ಸಮವೆಂದು ನನಗೆ ಅನಿಸಿತ್ತು.

ಒಳಗೆ ಬಂದವರು ಕೂರಲಿಲ್ಲ. ಹರಳೆಣ್ಣೆಯಲ್ಲಿ ನೆನೆಸಿದ, ಅಂಗೈಯಗಲದ ಚರ್ಮದ ತುಂಡೊಂದನ್ನು ಮೇಜಿನ ಮೇಲಿಟ್ಟರು.

"ಅವತ್ತ ನನ್ನ ನಾಲಿಗಿ ತಪ್ಪೇತ್ರಿ. ಕೈ ತಪ್ಪಿಲ್ಲ. ಕಂಪನಿಯವರು ಕೊರೆದ ತೂತಿನಾಗನ ಬೋಲ್ಟ್ ಹಾಕೇನಿ. ಕಬ್ಬಣಕ್ಕ ಕಬ್ಬಣ ತಿಕ್ಕಬಾರದಂತ ನಡುವ ಹಿಂಥಾವ ನಾಕ ತುಂಡ ಇಟ್ಟೇನಿ, ಎಲ್ಲಾ ಒಂದ ಚರ್ಮದಾವು. ಒಂದ್ ಸಲ ಮಲಕ್ಕೊಂಡ ನೋಡ್ರಿ ಸಾಹೇಬ್ರ. ಒಂದ ಸಲ."

"ವರದಿ ಹೋಗಿ ಆಯಿತು" ಎಂದೆ.

"ಮತ್ತ ಇದು ನಿಮ್ಮ ಕಡೆನ ಇರ್ಲಿ" ಎಂದು ಹೊರಟುಹೋದರು. ಸಂಜೆ ಜವಾನ ಮೇಜು ಒರೆಸಿ ಚೀಟಿಗಳನ್ನು ಬುಟ್ಟಿಗೆ ಹಾಕಿದ. ಚರ್ಮದ ತುಂಡನ್ನು ನಾನು ಮನೆಗೆ ತಂದು ವರದಿಯ ನಕಲಿನ ಜೊತೆ ಇಟ್ಟೆ. ಒಬ್ಬ ಮಿಸ್ತ್ರಿ ನನ್ನ ಕಚೇರಿಗೇ ಬಂದು ನನ್ನನ್ನು ಪರೀಕ್ಷಿಸಲು ನೋಡಿದ ಎಂಬುದಕ್ಕೆ ಸಾಕ್ಷಿಯಾಗಿ.

ಹೋಟೆಲ್ ಮಾಲೀಕರು ಈಗಿಲ್ಲ. ಕಳೆದ ತಿಂಗಳು ಅವರ ಮಗಳು ನನ್ನನ್ನು ಹುಡುಕಿ ಫೋನು ಮಾಡಿದರು. ಕಾರನ್ನು ಕೊಳ್ಳಲು ಬಂದ ದಲ್ಲಾಳಿಯೊಬ್ಬ, ಚಾಸಿ ಕಡಿದ ಗಾಡಿ, ಗುಜರಿಯ ಬೆಲೆಗೆ ಮಾತ್ರ ಒಯ್ಯುತ್ತೇನೆಂದು ಹೇಳುತ್ತಿದ್ದನಂತೆ. ಆತ ಆಧಾರವಾಗಿ ತೋರಿಸಿದ್ದು ಕಾರಿನ ಕಾಗದಗಳ ನಡುವೆ ಸಿಕ್ಕಿದ ನನ್ನ ವರದಿ.

"ಅಂಕಲ್, ಈ ಸೈನ್ ನಿಮ್ದೇ ಅಲ್ವಾ? ಪಪ್ಪಾ ಲಾಸ್ಟ್ ಲಾಸ್ಟಿಗೆ ಹೇಳ್ತಿದ್ರು, ಜಗಳ ಮಾಡಿದ್ದು ತಪ್ಪಾಯ್ತು, ಆ ಮಿಸ್ತ್ರಿ ಸುಳ್ಳು ಹೇಳುವ ಜನ ಅಲ್ಲ ಅಂತ. ನೀವು ಒಮ್ಮೆ ನೋಡಿ, ಪ್ಲೀಸ್."

ನಾನು ವಿಲೆ ಪಾರ್ಲೆಗೆ ಹೋದಾಗ ದಲ್ಲಾಳಿಯೂ ಆ ನೆಲಮಾಳಿಗೆಯಲ್ಲಿಯೇ ಇದ್ದ. ಫೋನಿನಲ್ಲಿ ನಾಲ್ಕು ಫೋಟೊ ತೆಗೆದು ಬೆಲೆ ಕಟ್ಟುವ ಪೈಕಿ. "ಅರೇ ಅಂಕಲ್‌ಜೀ, ನೀಚೇ ಕ್ಯಾ ದೇಖನಾ ಹೈ? ಆಪ್ ಹೀ ಕಾ ತೋ ಲಿಖಾ ಹುವಾ ಹೈ" ಎಂದು, ನಾನೇ ಬರೆದದ್ದನ್ನು ಮತ್ತೆ ಕೆಳಗಿಳಿದು ನೋಡುವುದೇನು ಎಂಬಂತೆ ನಕ್ಕ. ಅದನ್ನೂ ನಾನು ಮರೆಯುವುದಿಲ್ಲ. ಕಾರಿನ ಕೆಳಗೆ ರಟ್ಟು ಹಾಸಿಕೊಂಡು ಮಲಗಿದೆ.

ಟಾರ್ಚಿನ ಬೆಳಕಿನಲ್ಲಿ ಎಂಜಿನನ್ನು ಚಾಸಿಗೆ ಹಿಡಿದಿಟ್ಟ ನಾಲ್ಕು ಬ್ರಾಕೆಟ್ಟುಗಳು ಕಂಡವು. ಗರಗಸದ ಗುರುತಿಲ್ಲ, ವೆಲ್ಡಿಂಗಿನ ಒಂದು ಹನಿಯಿಲ್ಲ. ಕಂಪನಿಯವರು ಕೊರೆದ ತೂತುಗಳಲ್ಲೇ ಕೂತ ಬೋಲ್ಟುಗಳು. ಒಂದನ್ನು ಸಡಿಲಿಸಿದೆ. ಬ್ರಾಕೆಟ್ಟಿನ ಹಿಂದಿನಿಂದ ಚರ್ಮದ ಅಂಚು ಇಣುಕಿತು. ಆಗಲೇ ಆ ವಾಸನೆ ಬಂದದ್ದು. ಚರ್ಮದ ಅಡಿಯಲ್ಲಿ ಜರ್ಮನಿಯ ಯಾರೋ ಬಳಿದ ಬಣ್ಣ ಸ್ವಲ್ಪವೂ ತಿಕ್ಕಿಹೋಗದೆ ಹೊಳೆಯುತ್ತಿತ್ತು. ಟರ್ಪಾಲಿನ ಕೆಳಗಿನ ಮೂಲ ಎಂಜಿನನ್ನು ದುರಸ್ತಿ ಮಾಡಿಸಿ ನಾಳೆ ತಂದರೂ ಅದು ತನ್ನ ಜಾಗದಲ್ಲಿ ನೆಟ್ಟಗೆ ಕೂರುತ್ತದೆ. ಆ ಮನುಷ್ಯ ಅಂಥದೊಂದು ನಾಳೆಗಾಗಿಯೇ ಕೆಲಸ ಮಾಡಿದ್ದರು. ಹೂವಿನ ಚಾದರವನ್ನೂ ನಾನು ಮಲಗಲೆಂದೇ ಹಾಸಿದ್ದರು...

ಎದ್ದು ಆ ದಲ್ಲಾಳಿಯ ಎದುರಿಗೇ ಹೇಳಿದೆ: "ಇದನ್ನು ಕತ್ತರಿಸಿಲ್ಲ. ನಾನು ನೋಡದೆ ಬರೆದಿದ್ದೆ." ಹಿಂದಿಯಲ್ಲಿಯೂ ಹೇಳಿದೆ, ಅರ್ಥವಾಗಲಿಲ್ಲವೆಂಬ ನೆಪ ಬೇಡವೆಂದು.

ಮರುದಿನವೇ ಧಾರಾವಿಗೆ ಹೋದೆ. ಆ ತಗಡಿನ ಮಾಡು ಇದ್ದ ಜಾಗದಲ್ಲಿ ಬ್ಯಾಗು ಹೊಲಿಯುವ ಅಂಗಡಿ. ಮೂರು ಸಲ ಹೋದೆ, ಒಂದೊಂದು ಸಲವೂ ಒಂದೊಂದು ಗಲ್ಲಿ. ಕೊನೆಗೆ ಒಬ್ಬ ಮುದುಕರು ಹೊಲಿಗೆಯಿಂದ ತಲೆ ಎತ್ತದೆ ಹೇಳಿದರು: "ಬಿಜಾಪುರದ ಮಿಸ್ತ್ರಿ ಏನ್ರಿ? ಗಾಡಿ ಕೆಲಸ ನಿಂತಮ್ಯಾಲ ಊರಿಗ್ ಹೋದ. ಅಲ್ಲೇ ತೀರ್ಕೊಂಡ. ಭಾಳ ವರ್ಷಾತು." ಹೆಸರು ಕೇಳಿದೆ. "ಮಿಸ್ತ್ರಿ ಅಂತಿದ್ವಿ" ಎಂದರು.

ಹೊಸ ವರದಿಯಲ್ಲಿ, ಚಾಸಿ ಎಲ್ಲಿಯೂ ಕತ್ತರಿಸಲ್ಪಟ್ಟಿಲ್ಲ, ಹಿಂದಿನ ವರದಿ ತಪ್ಪು, ತಪ್ಪು ನನ್ನದು ಎಂದು ಬರೆದಿದ್ದೇನೆ. 'ಕೆಲಸ ಮಾಡಿದವರ ಹೆಸರು' ಎಂಬ ಒಂದು ಖಾನೆ ಮಾತ್ರ ಉಳಿಯಿತು. ಹಳೆಯ ವರದಿಯ ಆ ಖಾನೆಯಲ್ಲಿ 'ಧಾರಾವಿಯ ಮಿಸ್ತ್ರಿ' ಎಂದಷ್ಟೇ ಬರೆದಿದ್ದೆ; ಮಾಲೀಕರ ಮಗಳಿಗೂ ಹೆಸರು ಗೊತ್ತಿರಲಿಲ್ಲ. ಖಾಲಿ ಖಾನೆಯಿರುವ ಕಾಗದಕ್ಕೆ ನಾನು ಜೀವಮಾನದಲ್ಲಿ ಸಹಿ ಹಾಕಿದವನಲ್ಲ. ಹದಿನೈದು ದಿನ ಕಾದು, ನಿನ್ನೆ ಹಾಕಿದೆ.

ಚರ್ಮದ ತುಂಡು ಈಗ ನನ್ನ ಮೇಜಿನ ಮೇಲಿದೆ. ಕಪ್ಪಿಗೆ ಹಿಡಿ ಇರಲಿಲ್ಲವೆಂಬುದು ನೆನಪಿದೆ. ಯಾರು ಯಾರು ನಕ್ಕರೆಂಬುದೂ ನೆನಪಿದೆ. ಮಿಸ್ತ್ರಿಯ ಹೆಸರು, ನಾನು ಓದದೆ ಪೇಪರ್‌ವೇಟಿನ ಕೆಳಗಿಟ್ಟ ಆ ಚೀಟಿಯಲ್ಲಿತ್ತು. ತಮ್ಮ ಕೈಯಾರೆ ಬರೆದು ಕಳುಹಿಸಿದ್ದರು. ಅರ್ಧ ದಿನ ನನ್ನ ಎದುರಿಗೇ ಇತ್ತು...